ಮಾತಿನ ತೂಕವೂ ಷೇರಿನ ಬೆಲೆಯೂ

ಕೊಟ್ಟೂರಿನ ಮಾರುಕಟ್ಟೆಗೆ ಈರುಳ್ಳಿ ತಂದ ರೈತನಿಗೆ ದಲ್ಲಾಳಿಯ ಮುಖ ಓದುವ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. “ನಾಳೆ ಮಾಲು ಬಹಳ ಬರ್ತದಂತ” ಎಂಬ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ಸಂಜೆಯವರೆಗೆ ಕಾಯಬೇಕೆಂದಿದ್ದವನು ಮಧ್ಯಾಹ್ನದೊಳಗೆ ಸಿಕ್ಕ ದರಕ್ಕೆ ಕೊಟ್ಟು ಊರಿನ ಬಸ್ಸು ಹತ್ತುತ್ತಾನೆ. ಚೀಲದೊಳಗಿನ ಈರುಳ್ಳಿ ಮೊದಲಿನಂತೆಯೇ ಇದೆ. ಬದಲಾದದ್ದು ನಾಳೆಯನ್ನು ಕುರಿತ ಅವನ ಎಣಿಕೆ. ಹರಪನಹಳ್ಳಿಯ ಮೆಕ್ಕೆಜೋಳಕ್ಕೂ ಹಡಗಲಿಯ ಮಲ್ಲಿಗೆಗೂ ಇದೇ ನಿಯಮ. ದೊಡ್ಡ ಉದ್ಯಮಗಳ ಷೇರುಗಳಿಗೂ ಇದಕ್ಕಿಂತ ಬೇರೆಯಾದ ನಿಯಮವಿಲ್ಲವೆಂಬುದು ನಮ್ಮ ಅಭಿಪ್ರಾಯ.

ಈ ವಿಚಾರ ನಮ್ಮ ಕುಟುಂಬಗಳಿಗೆ ಏಕೆ ಬೇಕು ಎಂದು ಕೆಲವರು ಕೇಳಿಯಾರು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳಿಂದ ಬೆಂಗಳೂರಿಗೆ ಹೋಗಿ ನೆಲೆಸಿದ ನಮ್ಮ ಮಕ್ಕಳು ಇಂತಹ ಕಂಪನಿಗಳಲ್ಲಿಯೇ ದುಡಿಯುತ್ತಿದ್ದಾರೆ. ಮೊದಲು ಚೀಟಿಗೆ, ಅಂಚೆ ಕಚೇರಿಗೆ ಹೋಗುತ್ತಿದ್ದ ಹಣ ಇಂದು ಮೊಬೈಲಿನ ಮೂಲಕ ಷೇರುಪೇಟೆಗೆ ಹರಿಯುತ್ತಿದೆ. 2024ರ ಆಗಸ್ಟ್ ವೇಳೆಗೆ ದೇಶದಲ್ಲಿ ಡಿಮ್ಯಾಟ್ ಖಾತೆಗಳ ಸಂಖ್ಯೆ 17 ಕೋಟಿಯನ್ನು ದಾಟಿತ್ತು. ಮಗಳ ಮದುವೆಗೆಂದು ಕೂಡಿಟ್ಟ ಹಣವೂ ಅದರಲ್ಲಿ ಸೇರಿದೆ.

ಸಂತ ಅಗಸ್ಟೀನರು ಕಾಲದ ಸ್ವರೂಪವನ್ನು ವಿಚಾರ ಮಾಡುತ್ತ, ಭವಿಷ್ಯತ್ತೆಂಬುದು ಎಲ್ಲಿಯೂ ಇಲ್ಲ, ಮನಸ್ಸಿನ ನಿರೀಕ್ಷೆಯಾಗಿ ಮಾತ್ರ ಇದೆ ಎಂಬ ತೀರ್ಮಾನಕ್ಕೆ ಬಂದರು. ಷೇರಿನ ಬೆಲೆಯೆಂದರೆ ಬರಲಿರುವ ದಿನಗಳ ಬೆಲೆ. ಆ ದಿನಗಳನ್ನು ಯಾರೂ ಕಂಡಿಲ್ಲವಾದ್ದರಿಂದ ಹೂಡಿಕೆದಾರನು ಮುಖ್ಯಸ್ಥನ ಮಾತನ್ನೇ ನೆಚ್ಚುತ್ತಾನೆ. ಕೇಳುಗನನ್ನು ಒಪ್ಪಿಸುವ ಸಾಧನಗಳಲ್ಲಿ ತರ್ಕಕ್ಕಿಂತಲೂ ಮಾತನಾಡುವವನ ಶೀಲವೇ ಬಲವಾದದ್ದೆಂದು ಅರಿಸ್ಟಾಟಲನು ಭಾವಿಸಿದ್ದನು. ದಲ್ಲಾಳಿಗಳಿಗೆ ಇದು ಅವನಿಗಿಂತ ಮೊದಲೇ ತಿಳಿದಿದ್ದಿರಬೇಕು!

ನಮ್ಮ ನಾಡಿನ ಇನ್ಫೋಸಿಸ್ ಸಂಸ್ಥೆಯ ಚರಿತ್ರೆಯನ್ನೇ ನೋಡಬಹುದು. 2003ರ ಏಪ್ರಿಲ್ 10ರಂದು ಅದರ ಮುಖ್ಯಸ್ಥರು, ಬರುವ ವರ್ಷ ಲಾಭದ ಬೆಳವಣಿಗೆ ಜನ ಎಣಿಸಿದಷ್ಟು ಇರಲಾರದೆಂದು ಮುಂಚಿತವಾಗಿಯೇ ತಿಳಿಸಿದರು. ಅಂದು ಒಂದೇ ದಿನದಲ್ಲಿ ಷೇರಿನ ಬೆಲೆ ಕಾಲು ಭಾಗಕ್ಕಿಂತಲೂ ಹೆಚ್ಚು ಕುಸಿಯಿತು. ಅದೇ ಸಂಸ್ಥೆಯ ವರಮಾನ ಮುಂದಿನ ಆರ್ಥಿಕ ವರ್ಷದಲ್ಲಿ 100 ಕೋಟಿ ಡಾಲರನ್ನು ದಾಟಿತು. ಕಹಿಯನ್ನು ಕಹಿಯೆಂದೇ ಹೇಳಿದವರನ್ನು ಪೇಟೆ ಆ ದಿನ ದಂಡಿಸಿತು. ಅಂಜಿ ಮಾರಿದವರು ನಷ್ಟ ಅನುಭವಿಸಿದರು.

2014ರ ಆಗಸ್ಟಿನಲ್ಲಿ ವಿಶಾಲ್ ಸಿಕ್ಕಾ ಅವರು ಅಧಿಕಾರ ವಹಿಸಿಕೊಂಡರು. ಸ್ಥಾಪಕರಲ್ಲದವರೊಬ್ಬರು ಆ ಪೀಠವನ್ನೇರಿದ್ದು ಅದೇ ಮೊದಲು. ಅವರದು ಉತ್ಸಾಹದ ಭಾಷೆ, ಕನಸಿನ ಭಾಷೆ. 2020ರೊಳಗೆ ವರಮಾನ 2,000 ಕೋಟಿ ಡಾಲರ್ ಆಗಬೇಕು, ಕಾರ್ಯಾಚರಣೆಯ ಲಾಭ ಶೇ. 30ಕ್ಕೆ ಏರಬೇಕು, ಒಬ್ಬೊಬ್ಬ ನೌಕರನಿಂದ 80,000 ಡಾಲರ್ ಆದಾಯ ಬರಬೇಕು ಎಂದು ಅವರು ಸಾರಿದರು. ಆಗ ಸಂಸ್ಥೆಯ ವಾರ್ಷಿಕ ವರಮಾನ ಸುಮಾರು 870 ಕೋಟಿ ಡಾಲರ್ ಇತ್ತು. ಐದೇ ವರ್ಷಗಳಲ್ಲಿ ಅದನ್ನು ಎರಡು ಪಟ್ಟಿಗೂ ಮೀರಿಸುವುದು ಹಳೆಯ ನಡಿಗೆಯಿಂದ ಆಗುವ ಕೆಲಸವಲ್ಲ. ಬೇರೆ ಕಂಪನಿಗಳನ್ನು ಕೊಳ್ಳುವುದೂ ಆ ಯೋಜನೆಯ ಭಾಗವಾಯಿತು. ಇಲ್ಲಿಯೇ ನಾವು ಗಮನಿಸಬೇಕಾದ ಸೂಕ್ಷ್ಮವಿದೆ. ಬಹಿರಂಗವಾಗಿ ಹೇಳಿದ ಅಂಕಿ ಬರಿಯ ಅಂಕಿಯಾಗಿ ಉಳಿಯುವುದಿಲ್ಲ, ಅದು ವಾಗ್ದಾನವಾಗುತ್ತದೆ. ಬಲಿಪೀಠದ ಮುಂದೆ ಮಾತು ಕೊಟ್ಟ ದಂಪತಿಗಳಿಗೂ ದೀಕ್ಷೆಯ ದಿನ ಮಾತು ಕೊಟ್ಟ ನಮ್ಮಂತಹವರಿಗೂ ಇದು ಗೊತ್ತು: ಆಡುವ ತನಕ ಮಾತು ನಮ್ಮ ಅಧೀನ, ಆಡಿದ ಮೇಲೆ ನಾವು ಅದರ ಅಧೀನ. ಆದರೆ ವಿವಾಹದ ವಾಗ್ದಾನ ನಮ್ಮ ನಡತೆಯನ್ನು ಕುರಿತದ್ದು. ಅಂಕಿಯ ವಾಗ್ದಾನ ಪರರ ಕೈಯಲ್ಲಿರುವ ಫಲವನ್ನು ಕುರಿತದ್ದು. ಎರಡನೆಯದನ್ನು ಮೊದಲನೆಯದರ ಧಾಟಿಯಲ್ಲಿ ಆಡುವುದು ಅಪಾಯವೆಂದೇ ನಾವು ಎಣಿಸುತ್ತೇವೆ. 2020ರ ಮಾರ್ಚಿಗೆ ಮುಗಿದ ವರ್ಷದಲ್ಲಿ ವರಮಾನ ಸುಮಾರು 1,280 ಕೋಟಿ ಡಾಲರ್ ಆಗಿತ್ತು.

ಅಷ್ಟರೊಳಗೆ ಸಿಕ್ಕಾ ಅವರು ಅಲ್ಲಿರಲಿಲ್ಲ. ಇಸ್ರೇಲಿನ ಪನಾಯಾ ಕಂಪನಿಯನ್ನು 20 ಕೋಟಿ ಡಾಲರಿಗೆ ಕೊಂಡ ರೀತಿ, ನಿರ್ಗಮಿಸಿದ ಹಣಕಾಸು ಅಧಿಕಾರಿಗೆ ಒಪ್ಪಿದ ಪರಿಹಾರ ಮೊದಲಾದುವನ್ನು ಸ್ಥಾಪಕ ನಾರಾಯಣ ಮೂರ್ತಿಯವರು 2017ರಲ್ಲಿ ಬಹಿರಂಗವಾಗಿ ಪ್ರಶ್ನಿಸಿದರು. ಆಗಸ್ಟ್ 18ರಂದು ಸಿಕ್ಕಾ ರಾಜೀನಾಮೆ ಕೊಟ್ಟರು. ಅದಕ್ಕೆ ಮೂರ್ತಿಯವರೇ ಕಾರಣರೆಂದು ಆಡಳಿತ ಮಂಡಳಿ ಹೆಸರಿಟ್ಟು ಹೇಳಿತು. ಅಂದು ಷೇರು ಹೆಚ್ಚುಕಡಿಮೆ ಶೇ. 10ರಷ್ಟು ಬಿದ್ದು, ಹೂಡಿಕೆದಾರರ 20,000 ಕೋಟಿ ರೂಪಾಯಿಗೂ ಮಿಗಿಲಾದ ಮೌಲ್ಯ ಕರಗಿತು. ಒಂದು ಗಣಕಯಂತ್ರವೂ ಕೆಟ್ಟು ನಿಂತಿರಲಿಲ್ಲ. ಪ್ರಶ್ನಿಸುವ ಹಕ್ಕು ಸ್ಥಾಪಕರಿಗೆ ಖಂಡಿತ ಇತ್ತು. ಮನೆಯ ಹಿರಿಯನ ಮಾತು ಬೀದಿಯಲ್ಲಿ ಕೇಳಿದರೆ ಅದರ ಅರ್ಥವೇ ಬೇರೆಯಾಗುತ್ತದೆಂಬುದೂ ಅಷ್ಟೇ ಸತ್ಯ. ಆರು ದಿನಗಳ ತರುವಾಯ ನಂದನ್ ನಿಲೇಕಣಿಯವರು ಅಧ್ಯಕ್ಷರಾಗಿ ಮರಳಿದರು. ಆ ಖರೀದಿಯಲ್ಲಿ ಅಕ್ರಮ ಕಂಡುಬಂದಿಲ್ಲವೆಂದು ಅಕ್ಟೋಬರಿನಲ್ಲಿ ಅವರ ಮಂಡಳಿಯೂ ಹೇಳಿತು. 2018ರ ಜನವರಿಯಲ್ಲಿ ಬಂದ ಸಲೀಲ್ ಪಾರೇಖ್ ಅವರು ಮಿತಭಾಷಿ.

ಇದಕ್ಕಿಂತ ನಮ್ಮನ್ನು ಆಳವಾಗಿ ಕಲಕಿದ್ದು ಚಿಕ್ಕಮಗಳೂರಿನ ವಿ. ಜಿ. ಸಿದ್ಧಾರ್ಥ ಅವರ ಅಂತ್ಯ. ಕೆಫೆ ಕಾಫಿ ಡೇ ಕಟ್ಟಿದ ಅವರ ಹೊರಗಿನ ಚಿತ್ರ ಮೌನದ, ಧೈರ್ಯದ ಚಿತ್ರ. 2019ರ ಜುಲೈ 31ರಂದು ನೇತ್ರಾವತಿಯಲ್ಲಿ ಅವರ ದೇಹ ಸಿಕ್ಕಿತು. ಅವರ ಹೆಸರಿನಲ್ಲಿ ಹೊರಬಂದ ಪತ್ರದಲ್ಲಿ ಸೋಲಿನ ಒಪ್ಪಿಗೆಯಿತ್ತು, ಒತ್ತಡ ತಾಳಲಾರೆನೆಂಬ ಅಳಲಿತ್ತು. ಷೇರು ಎರಡು ದಿನವೂ ಶೇ. 20ರಂತೆ ಕುಸಿಯಿತು. ನಮ್ಮಲ್ಲಿ ಪಾಪನಿವೇದನೆಯ ಪೀಠವಿದೆ. ಬಾಗಿಲು ಮುಚ್ಚಿ, ಸೋತೆನೆಂದು ಹೇಳಿ ಎದ್ದು ಬರಬಹುದು. ಉದ್ಯಮದ ಮುಖ್ಯಸ್ಥನು ಸೋತೆನೆಂದರೆ ಕೇಳಿಸಿಕೊಳ್ಳುವುದು ಪೇಟೆ. ಸಾಲಗಾರರೂ ಹೂಡಿಕೆದಾರರೂ ದಿನನಿತ್ಯ ಬಲದ ಮಾತನ್ನೇ ಕೇಳಬಯಸಿದರೆ, ಅವನಿಗೆ ದುರ್ಬಲತೆಯನ್ನು ಹೇಳಲು ಭಾಷೆಯೇ ಉಳಿಯುವುದಿಲ್ಲ. ಹೂಡಿಕೆದಾರರೆಂದರೆ ಈಗ ನಾವೂ ಸೇರಿದವರು ಎಂಬುದನ್ನು ಮರೆಯಲಾಗದು.

ಅವರ ಪತ್ನಿ ಮಾಳವಿಕಾ ಹೆಗ್ಡೆಯವರು 2020ರಲ್ಲಿ ಸುಮಾರು 25,000 ನೌಕರರಿಗೆ ಪತ್ರ ಬರೆದು, ಸಂಸ್ಥೆಯ ಭವಿಷ್ಯಕ್ಕೆ ತಾವು ಬದ್ಧರೆಂದು ತಿಳಿಸಿದರು. ಡಿಸೆಂಬರಿನಲ್ಲಿ ಮುಖ್ಯಸ್ಥೆಯ ಹೊಣೆ ಹೊತ್ತರು. ಅವರು ಪತ್ರಿಕೆಗಳೆದುರು ಮಾತನಾಡಿದ್ದು ಕಡಿಮೆ. 2019ರ ಮಾರ್ಚಿನಲ್ಲಿ 7,000 ಕೋಟಿ ರೂಪಾಯಿಯನ್ನು ಮೀರಿದ್ದ ಸಮೂಹದ ಸಾಲ, ಆಸ್ತಿಗಳ ಮಾರಾಟದಿಂದ ಬಹುಮಟ್ಟಿಗೆ ಇಳಿಯಿತು.

ಹಣ ಹೂಡಬೇಕೆಂದಿರುವ ನಮ್ಮ ತರುಣರು ಕಂಪನಿಯ ವಾರ್ಷಿಕ ವರದಿಯಲ್ಲಿ ಅಧ್ಯಕ್ಷರ ಪತ್ರವನ್ನು ಓದಲಿ. ಈ ವರ್ಷದ್ದನ್ನಲ್ಲ, ಮೂರು ವರ್ಷ ಹಿಂದಿನದನ್ನು ಮೊದಲು. ಅಂದು ಏನೆಂದಿದ್ದರು, ಏನಾಯಿತು, ಆಗದೆ ಹೋದದ್ದನ್ನು ಆಮೇಲೆ ಹೆಸರಿಸಿದರೋ ಅಥವಾ ಹೊಸ ಪದಗಳಡಿ ಹೂಳಿದರೋ ನೋಡಲಿ. ಹಳೆಯ ವರದಿಗಳು ಕಂಪನಿಗಳ ಜಾಲತಾಣದಲ್ಲಿಯೇ ದೊರೆಯುತ್ತವೆ, ಅದಕ್ಕೆ ದಲ್ಲಾಳಿ ಬೇಕಿಲ್ಲ.