ಹಳೆಯ ಗಣಕಯಂತ್ರವೂ ಗಡುವಿನ ದಿನವೂ

ತಿಂಗಳ 20ನೇ ತಾರೀಖು ಸಮೀಪಿಸಿತೆಂದರೆ ತುಮಕೂರಿನ ಅಂತರಸನಹಳ್ಳಿ, ಹಿರೇಹಳ್ಳಿಯ ಕಾರ್ಖಾನೆಗಳಿಂದ ಹಿಡಿದು ಗುಬ್ಬಿ, ಕುಣಿಗಲ್‌ಗಳ ಮಂಡಿಗಳವರೆಗೆ ಲೆಕ್ಕಪತ್ರದ ಮೇಜಿನಲ್ಲಿ ಆತಂಕ ಮೂಡುವುದು ಸಹಜ. ಡಿಜಿಟಲ್ ಸಹಿಯ ಟೋಕನ್ನನ್ನು ಗಣಕಯಂತ್ರ ಗುರುತಿಸದಿದ್ದರೆ ಮೊದಲ ಆರೋಪ ಜಿ.ಎಸ್.ಟಿ. ಜಾಲತಾಣದ ಮೇಲೆ. ಆದರೆ ದೋಷವು ಮೇಜಿನ ಕೆಳಗಿರುವ ಹಳೆಯ ಯಂತ್ರದ ಯು.ಎಸ್.ಬಿ. ಕಂಟ್ರೋಲರ್‌ನಲ್ಲಿಯೂ ಇರಬಹುದು.

ಏಕಮಾಲೀಕತ್ವದ ವರ್ತಕರು ಮೊಬೈಲಿಗೆ ಬರುವ ಓ.ಟಿ.ಪಿ. ಬಳಸಿ ರಿಟರ್ನ್ ಸಲ್ಲಿಸಬಹುದು. ಕಂಪನಿ ಹಾಗೂ ಎಲ್.ಎಲ್.ಪಿ.ಗಳಿಗೆ ಡಿಜಿಟಲ್ ಸಹಿ ಕಡ್ಡಾಯ. ಗಡುವು ಮೀರಿದರೆ ವಿಳಂಬ ಶುಲ್ಕದ ಜೊತೆಗೆ ಬಾಕಿ ತೆರಿಗೆಗೆ ವಾರ್ಷಿಕ ಶೇ. 18ರ ಬಡ್ಡಿ ಬೀಳುತ್ತದೆ. 11ರೊಳಗಿನ ಮಾರಾಟ ವಿವರ ತಪ್ಪಿದರೆ ಖರೀದಿದಾರನ ತೆರಿಗೆ ಜಮೆಯೂ ಮುಂದಕ್ಕೆ ಹೋಗುತ್ತದೆ. ಅವನ ವಿಶ್ವಾಸ ಕುಂದುವುದು ಅಲ್ಲಿಯೇ.

ಯು.ಎಸ್.ಬಿ. ಕಿಂಡಿಗಳನ್ನು ನಿಯಂತ್ರಿಸುವ ಭಾಗವೇ ಕಂಟ್ರೋಲರ್. ಅದಕ್ಕೂ ವಿಂಡೋಸ್‌ಗೂ ನಡುವಣ ದುಭಾಷಿಯೇ ಡ್ರೈವರ್. ದುಭಾಷಿ ತಪ್ಪಿದರೆ ವೇಗ ಕುಸಿಯುತ್ತದೆ. ಯು.ಎಸ್.ಬಿ. 2.0ರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್; ಹಳೆಯ 1.1ರದು ಕೇವಲ 12. ಡ್ರೈವರ್ ದೋಷದಿಂದ ಯಂತ್ರ ಹಳೆಯ ವೇಗಕ್ಕೆ ಇಳಿದರೆ, 1 ಜಿ.ಬಿ. ಲೆಕ್ಕಪತ್ರವನ್ನು ಪೆನ್‌ಡ್ರೈವ್‌ಗೆ ನಕಲಿಸಲು ಕನಿಷ್ಠ 11 ನಿಮಿಷ ಬೇಕು. ಬೇಸತ್ತ ಗುಮಾಸ್ತ ನಿತ್ಯದ ಬ್ಯಾಕಪ್ಪನ್ನೇ ಕೈಬಿಟ್ಟರೆ ನಷ್ಟ ಮಾಲೀಕನದು.

ಪರಿಹಾರಕ್ಕೊಂದು ಕ್ರಮವಿದೆ. ಮೊದಲು ಬ್ಯಾಕಪ್ ತೆಗೆದುಕೊಳ್ಳಬೇಕು. ಬಳಿಕ ಹಬ್ ತೆಗೆದು, ಟೋಕನ್ನನ್ನು ಯಂತ್ರದ ಹಿಂಬದಿಯ ಕಿಂಡಿಗೆ ನೇರವಾಗಿ ಜೋಡಿಸಬೇಕು. ವಿಂಡೋಸ್ 7ರಲ್ಲಿ ಯು.ಎಸ್.ಬಿ. 3.0ರ ಡ್ರೈವರ್ ಅಂತರ್ಗತವಾಗಿಲ್ಲ. ನೀಲಿ ಕಿಂಡಿ ಕೆಲಸ ಮಾಡದಿದ್ದರೆ ಕಪ್ಪು ಕಿಂಡಿಯಲ್ಲಿ ಪ್ರಯತ್ನಿಸುವುದು ಲೇಸು. ಆಮೇಲೆ ಡಿವೈಸ್ ಮ್ಯಾನೇಜರ್ ತೆರೆದು ಹಳದಿ ಗುರುತು ಇದೆಯೇ ಎಂದು ನೋಡಬೇಕು. ಗುರುತಿರುವ ಕಂಟ್ರೋಲರನ್ನು ಅನ್‌ಇನ್‌ಸ್ಟಾಲ್ ಮಾಡಿ ಯಂತ್ರವನ್ನು ಮರುಚಾಲನೆ ಮಾಡಿದರೆ ವಿಂಡೋಸ್ ಡ್ರೈವರನ್ನು ಮತ್ತೆ ಸ್ಥಾಪಿಸುತ್ತದೆ. ಈ ನಡುವೆ ಯು.ಎಸ್.ಬಿ. ಕೀಲಿಮಣೆ, ಮೌಸ್ ಸ್ತಬ್ಧವಾಗಬಹುದು, ಗಾಬರಿ ಬೇಡ. ಟೋಕನ್ ಮಧ್ಯೆ ಮಧ್ಯೆ ಕಡಿದುಹೋಗುತ್ತಿದ್ದರೆ, ವಿದ್ಯುತ್ ಉಳಿತಾಯಕ್ಕಾಗಿ ಯು.ಎಸ್.ಬಿ.ಯನ್ನು ನಿದ್ರೆಗೆ ಕಳಿಸುವ ಆಯ್ಕೆಯನ್ನು ರದ್ದುಪಡಿಸಬೇಕು. ಡ್ರೈವರನ್ನು ಯಂತ್ರದ ಅಥವಾ ಟೋಕನ್‌ನ ತಯಾರಕರಿಂದಲೇ ಪಡೆಯಬೇಕು. ಉಚಿತವೆಂದು ಆಸೆ ತೋರಿಸುವ ಅಪರಿಚಿತ ತಂತ್ರಾಂಶಗಳಿಗೆ, ಸಹಿಯ ಟೋಕನ್ ಬಳಸುವ ಯಂತ್ರದಲ್ಲಿ ಸ್ಥಾನವಿರಕೂಡದು.

ಇಷ್ಟಾದರೂ ಸರಿಹೋಗದ ಯಂತ್ರವನ್ನು ಉಳಿಸಿಕೊಳ್ಳುವುದು ಮಿತವ್ಯಯವೆನಿಸದು. ವಿಂಡೋಸ್ 7ರ ಬೆಂಬಲ 2020ರ ಜನವರಿ 14ರಂದೂ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದೂ ಮುಗಿದಿದೆ. ಆದಾಯ ತೆರಿಗೆಯಲ್ಲಿ ಗಣಕಯಂತ್ರಕ್ಕೆ ಶೇ. 40ರ ಸವಕಳಿ ಉಂಟು. ಐದು ವರ್ಷ ಪೂರ್ಣ ಸವಕಳಿ ಪಡೆದ ಮೇಲೆ ಉಳಿಯುವುದು ಮೂಲಬೆಲೆಯ ಶೇ. 8ಕ್ಕೂ ಕಡಿಮೆ. ಲೆಕ್ಕದಲ್ಲಿ ಬಹುತೇಕ ಅಳಿದ ಯಂತ್ರದ ಮೇಲೆ ಸಂಸ್ಥೆಯ ಗಡುವುಗಳನ್ನೆಲ್ಲ ಹೊರಿಸುವುದು ವಿವೇಕವಲ್ಲ.

ಲಾರಿಗೆ ಎಣ್ಣೆ ಬದಲಿಸುವ ದಿನ ಬರೆದಿಡುವ ಉದ್ಯಮಿಯು ಗಣಕಯಂತ್ರಕ್ಕೂ ಒಂದು ಪುಟ ಮೀಸಲಿಡಲಿ. ಪ್ರತಿ ತಿಂಗಳ 5ರಂದು ಟೋಕನ್ ಜೋಡಿಸಿ ಪರೀಕ್ಷಿಸಿದರೆ 20ರ ಸಂಜೆ ಪರದಾಡುವ ಪ್ರಮೇಯ ತಪ್ಪುತ್ತದೆ.