ಎಳೆಯರಿಗೆ ಬೇಕಾದ್ದು ಮೋಜಲ್ಲ, ಪಂದ್ಯ

2022ರ ಆಗಸ್ಟ್ 2ರಂದು ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತದ ನಾಲ್ವರು ಮಹಿಳೆಯರು ದಕ್ಷಿಣ ಆಫ್ರಿಕಾವನ್ನು 17–10ರಿಂದ ಮಣಿಸಿ ಚಿನ್ನ ಗೆದ್ದರು. ಲಾನ್ ಬೌಲ್ಸ್ ಎಂಬ ಆಟವೊಂದಿದೆ ಎಂದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಾದದ್ದೇ ಅಂದು. ಆ ನಾಲ್ವರ ಹಿನ್ನೆಲೆ ಗಮನಿಸಬೇಕು. ಲವ್ಲಿ ಚೌಬೆ ಓಟಗಾರ್ತಿಯಾಗಿದ್ದವರು, ನಯನ್‌ಮೋನಿ ಸೈಕಿಯಾ ಭಾರ ಎತ್ತುತ್ತಿದ್ದವರು, ರೂಪಾ ರಾಣಿ ತಿರ್ಕಿ ಕಬಡ್ಡಿಯಿಂದ ಬಂದವರು, ಪಿಂಕಿ ಕ್ರಿಕೆಟ್ ಆಡಿದವರು. ಇವರನ್ನು ಯಾರೂ ‘ಬನ್ನಿ, ಮಜವಾಗಿರುತ್ತದೆ’ ಎಂದು ಕರೆತಂದಿರಲಿಲ್ಲ. ರಾಜ್ಯ ತಂಡದಲ್ಲಿ ಜಾಗ, ರಾಷ್ಟ್ರೀಯ ಕ್ರೀಡಾಕೂಟ, ಮುಂದೆ ದೇಶದ ಜೆರ್ಸಿ ಎಂಬ ಏಣಿಯೊಂದು ಕಂಡಿತು, ಹತ್ತಿದರು. ಆಡುವ ಹಸಿರು ಅಂಗಳಗಳು ಬೆರಳೆಣಿಕೆಯಷ್ಟಿರುವ ದೇಶದಲ್ಲಿ ಹೀಗಾದರೆ, ಪೇಟೆ ಪೇಟೆಗೊಂದು ಬೌಲಿಂಗ್ ಕ್ಲಬ್ ಇರುವ ಆಸ್ಟ್ರೇಲಿಯಾ, ಬ್ರಿಟನ್‌ಗಳಲ್ಲಿ ‘ಎಳೆಯರು ಬರುತ್ತಿಲ್ಲ’ ಎಂಬ ಕೊರಗು ಮುಗಿದೇ ಇಲ್ಲ. ಅಲ್ಲಿನವರು ಎಳೆಯರನ್ನು ಅತಿಥಿಗಳಂತೆ ಕರೆಯುತ್ತಿದ್ದಾರೆ, ಆಟಗಾರರಂತೆ ಕರೆಯುತ್ತಿಲ್ಲ ಎಂಬುದೇ ನನ್ನ ತಕರಾರು.

ದೂರದಿಂದ ನೋಡಿದರೆ ಇದು ಮುದುಕರ ಕಾಲಹರಣದಂತೆ ಕಾಣುತ್ತದೆ, ನಿಜ. ಜಾಕ್ ಎಂಬ ಪುಟ್ಟ ಚೆಂಡನ್ನು ಮೊದಲು ಉರುಳಿಸುವುದು, ಆಮೇಲೆ ಸುಮಾರು ಒಂದೂವರೆ ಕಿಲೋ ತೂಗುವ ಬೌಲ್‌ಗಳನ್ನು ಅದರ ಹತ್ತಿರಕ್ಕೆ ಬಿಡುವುದು, ಅಷ್ಟೇ. ಆದರೆ ಆ ಬೌಲ್ ಪೂರ್ತಿ ಗುಂಡಗಿರುವುದಿಲ್ಲ. ಒಂದು ಮಗ್ಗುಲಿಗೆ ವಾಲುವ ಹಾಗೆ ಅದನ್ನು ರೂಪಿಸಿರುತ್ತಾರೆ. ನೇರ ಬಿಟ್ಟರೂ ವೇಗ ಇಳಿದಂತೆ ಚಿಕ್ಕ ಗುರುತಿರುವ ಮಗ್ಗುಲಿಗೆ ತಿರುಗುತ್ತದೆ, ಕೊನೆಯ ಕೆಲವು ಅಡಿಗಳಲ್ಲಂತೂ ಚೆನ್ನಾಗಿಯೇ ಬಾಗುತ್ತದೆ. ಗುರುತು ನೋಡದೆ ಅದಲುಬದಲಾಗಿ ಹಿಡಿದರೆ ಪಕ್ಕದವರ ಆಟದ ಪಟ್ಟಿಗೆ, ಅಂದರೆ ರಿಂಕ್‌ಗೆ, ಹೋಗಿ ಕೂರುತ್ತದೆ. ಹೊಸಬರು ಮೊದಲು ನಗೆಗೀಡಾಗುವುದು ಇಲ್ಲಿಯೇ. ಜಾಕ್ ಕೂಡ ಇದ್ದಲ್ಲೇ ಇರುತ್ತದೆಂಬ ಖಾತ್ರಿಯಿಲ್ಲ. ನಾಲ್ವರ ತಂಡಗಳ ಆಟದಲ್ಲಿ ಒಂದು ಎಂಡ್‌ಗೆ, ಅಂದರೆ ಒಂದು ಸುತ್ತಿಗೆ, ಹದಿನಾರು ಬೌಲ್. ಹದಿನಾರನೆಯದು ಬಂದು ಜಾಕನ್ನು ಒಂದಡಿ ಆಚೆ ತಳ್ಳಿತೆಂದರೆ ಅಷ್ಟು ಹೊತ್ತು ಗೆಲ್ಲುತ್ತಿದ್ದವರ ಲೆಕ್ಕವೆಲ್ಲ ತಲೆಕೆಳಗು. ಗೋಲಿ ಆಡಿ ಬೆಳೆದವರಿಗೆ ಈ ಸಂಕಟ ಚೆನ್ನಾಗಿ ಗೊತ್ತು. ಎಳೆಯರನ್ನು ಹಿಡಿದಿಡಬಲ್ಲ ಕಸುವು ಆಟದೊಳಗೇ ಇದೆ ಎಂದಾಯಿತು.

ಆಸ್ಟ್ರೇಲಿಯಾದ ಕ್ಲಬ್‌ಗಳು ಈ ಕಸುವನ್ನು ನೆಚ್ಚಿಕೊಳ್ಳದೆ ‘ಬೇರ್‌ಫೂಟ್ ಬೌಲ್ಸ್’ ಎಂಬ ದಾರಿ ಹಿಡಿದವು. ಚಪ್ಪಲಿ ಬಿಚ್ಚಿಟ್ಟು, ಕೈಯಲ್ಲೊಂದು ಬಿಯರ್ ಹಿಡಿದು, ಗೆಳೆಯರ ಜೊತೆ ಶುಕ್ರವಾರ ಸಂಜೆಯೊಂದನ್ನು ಹುಲ್ಲಿನ ಮೇಲೆ ಕಳೆಯುವುದು. ಜನ ಬಂದರು, ಈಗಲೂ ಬರುತ್ತಾರೆ. ಆದರೆ ಹುಟ್ಟುಹಬ್ಬಕ್ಕೋ ಆಫೀಸಿನ ಪಾರ್ಟಿಗೋ ಬಂದವರಿಗೆ ಬೌಲ್ ಹಿಡಿಯುವ ಕ್ರಮವನ್ನು ತಿದ್ದುವವರು ಯಾರು? ಮುಂದಿನ ವಾರ ಬಾ, ತಂಡಕ್ಕೊಬ್ಬರು ಬೇಕು ಎನ್ನುವವರು ಯಾರು? 2002ರಲ್ಲಿ ಬಂದ ‘ಕ್ರ್ಯಾಕರ್‌ಜಾಕ್’ ಎಂಬ ಆಸ್ಟ್ರೇಲಿಯನ್ ಹಾಸ್ಯಚಿತ್ರದ ನಾಯಕ ಪುಕ್ಕಟೆ ಪಾರ್ಕಿಂಗ್ ಸಿಗುತ್ತದೆಂದು ಕ್ಲಬ್ಬಿನ ಸದಸ್ಯನಾಗುತ್ತಾನೆ. ಆಟಗಾರರು ಸಾಲದೆ ಕ್ಲಬ್ಬು ಅವನನ್ನು ಪಂದ್ಯಕ್ಕೆ ಎಳೆದಾಗಲೇ ಅವನು ಆಟಗಾರನಾಗುವುದು. ಆ ಸಿನಿಮಾ ಎಲ್ಲರನ್ನೂ ನಗಿಸಿತು; ಅದರಲ್ಲಿದ್ದ ಉಪಾಯವನ್ನು ಮಾತ್ರ ಹೆಚ್ಚು ಕ್ಲಬ್‌ಗಳು ಗಮನಿಸಿದಂತಿಲ್ಲ.

ಪಂದ್ಯಕ್ಕೆ ಅಡ್ಡ ಬರುವುದು ಗಡಿಯಾರ. ವಾರದ ನಡುವೆ ಹಗಲು ಹೊತ್ತಿನ ಪಂದ್ಯ, ಶನಿವಾರವಾದರೆ ಇಡೀ ಮಧ್ಯಾಹ್ನ, ಇವೆಲ್ಲ ನಿವೃತ್ತರ ದಿನಚರಿಗೆ ಹೊಂದುತ್ತವೆ. ಕಾಲೇಜಿಗೋ ಕೆಲಸಕ್ಕೋ ಹೋಗುವವರಿಗೆ, ಮನೆಯಲ್ಲಿ ಪುಟ್ಟ ಮಗುವಿರುವವರಿಗೆ ಇದು ಆಗದ ಮಾತು. ಆಸ್ಟ್ರೇಲಿಯಾದಲ್ಲೇ 2013ರಲ್ಲಿ ಶುರುವಾದ ಪ್ರೀಮಿಯರ್ ಲೀಗ್ ಮೂವರ ತಂಡ, ಐದೈದು ಎಂಡ್‌ಗಳ ಸೆಟ್, ಅಂಕ ದುಪ್ಪಟ್ಟಾಗುವ ಪವರ್‌ಪ್ಲೇ ಇಟ್ಟುಕೊಂಡು ಟಿವಿಗೆ ಬಂತು. ಆ ಬಗೆಯ ಪಂದ್ಯ ಸಂಜೆಯೊಂದರಲ್ಲೇ ಮುಗಿಯುತ್ತದೆ. ಟಿವಿಯಲ್ಲಿ ಒಪ್ಪಿಕೊಂಡದ್ದನ್ನು ಊರ ಕ್ಲಬ್ಬಿನ ಬುಧವಾರ ಸಂಜೆಗೆ ಇಳಿಸಲು ದುಡ್ಡೇನೂ ಬೇಡ, ದೀಪ ಹಾಕಿದರೆ ಸಾಕು. ಜೊತೆಗೆ ತಂಡ ಆರಿಸುವ ಸಮಿತಿಯಲ್ಲಿ ಇಪ್ಪತ್ತರ ಆಸುಪಾಸಿನವರೊಬ್ಬರಿಗೆ ಕುರ್ಚಿ ಕೊಡಬೇಕು. ಚೆನ್ನಾಗಿ ಆಡುವವರನ್ನೂ ವಯಸ್ಸು ನೋಡಿ ವರ್ಷಗಟ್ಟಲೆ ಕೆಳತಂಡದಲ್ಲಿ ಕೂರಿಸಿದರೆ ಅವರು ಬೇರೆ ಆಟ ಹುಡುಕಿಕೊಳ್ಳುತ್ತಾರೆ.

ಬಿಯರ್ ಮಾರಿದ ಹಣದಿಂದಲೇ ಎಷ್ಟೋ ಕ್ಲಬ್‌ಗಳ ಬಾಗಿಲು ತೆರೆದಿದೆ ಎಂಬ ವಾದವನ್ನು ನಾನು ಒಪ್ಪುತ್ತೇನೆ. ಹುಲ್ಲನ್ನು ನುಣುಪಾಗಿ ಕಾಯುವುದು ಅಗ್ಗದ ಕೆಲಸವಲ್ಲ. ಬೇರ್‌ಫೂಟ್ ಸಂಜೆಗಳು ನಡೆಯಲಿ. ಅವು ಖಜಾಂಚಿಯ ಕೆಲಸ, ಆಟಗಾರರನ್ನು ಬೆಳೆಸುವ ಕೆಲಸವಲ್ಲ ಎಂದು ತಿಳಿದಿದ್ದರಾಯಿತು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ವಯಸ್ಸಾದವರಿಗೆ ಜೊತೆಗಾರರನ್ನು ಕೊಡುವ ಜಾಗ ಇದೊಂದೇ ಇರುವಾಗ ಅದನ್ನೂ ಎಳೆಯರಿಗೆ ಬಿಟ್ಟುಕೊಡಬೇಕೆ? ಹಿರಿಯರ ಹಗಲನ್ನು ಯಾರೂ ಕಸಿಯಬೇಕಿಲ್ಲ, ಕೇಳುತ್ತಿರುವುದು ಖಾಲಿ ಬೀಳುವ ಸಂಜೆಗಳನ್ನು. ಇಷ್ಟಕ್ಕೂ ಬರ್ಮಿಂಗ್‌ಹ್ಯಾಮ್‌ನಲ್ಲಿ ಇಪ್ಪತ್ತರ ಹರೆಯದ ಆಸ್ಟ್ರೇಲಿಯಾದ ಎಲೆನ್ ರಯಾನ್ ಸಿಂಗಲ್ಸ್ ಚಿನ್ನ ಗೆದ್ದರೆ, ದೃಷ್ಟಿದೋಷವುಳ್ಳವರ ಜೋಡಿ ಪಂದ್ಯದಲ್ಲಿ ಆಟಗಾರರಿಗೆ ಗುರಿ ಹೇಳಿಕೊಡುವ ನಿರ್ದೇಶಕರಾಗಿದ್ದ ಸ್ಕಾಟ್ಲೆಂಡಿನ ಜಾರ್ಜ್ ಮಿಲ್ಲರ್ 75ರ ವಯಸ್ಸಿನಲ್ಲಿ ಚಿನ್ನಕ್ಕೆ ಕೊರಳೊಡ್ಡಿದರು. ಇಂಥ ಇನ್ನೊಂದು ಆಟವನ್ನು ತೋರಿಸುವುದು ಕಷ್ಟ. ಅಜ್ಜ ಮೊಮ್ಮಗಳು ಒಂದೇ ತಂಡದಲ್ಲಿ ಆಡಬಹುದಾದ ಆಟದಲ್ಲಿ ಮೊಮ್ಮಗಳನ್ನು ಬೇರೆ ದಿನ, ಬೇರೆ ಕಾರ್ಯಕ್ರಮಕ್ಕೆ ಕರೆಯುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ.

ಭಾರತದಲ್ಲಿ ಈ ಆಟಕ್ಕೆ ಮುದುಕರದೆಂಬ ಹಣೆಪಟ್ಟಿಯಿಲ್ಲ. ಇಲ್ಲಿನ ತೊಂದರೆ, ಏಣಿಯ ಕೆಳಗಿನ ಮೆಟ್ಟಿಲುಗಳೇ ಇಲ್ಲದ್ದು. ಗೆದ್ದ ನಾಲ್ವರೂ ಬೇರೆ ಆಟ ಆಡಿದ ಮೇಲೆ ಇತ್ತ ಬಂದವರು. ಹನ್ನೆರಡರ ಹುಡುಗಿಯೊಬ್ಬಳು ಮೊದಲ ಆಟವಾಗಿ ಇದನ್ನೇ ಹಿಡಿಯುವ ದಾರಿ ಹೆಚ್ಚಿನ ಊರುಗಳಲ್ಲಿಲ್ಲ. 2026ರ ಗ್ಲಾಸ್ಗೋ ಕೂಟವನ್ನು ಹತ್ತೇ ಆಟಗಳಿಗೆ ಇಳಿಸಿದಾಗ ಹಾಕಿ, ಬ್ಯಾಡ್ಮಿಂಟನ್, ಕುಸ್ತಿಗಳನ್ನು ಕೈಬಿಟ್ಟರು, ಬೌಲ್ಸ್ ಉಳಿಯಿತು. 2030ರ ಕೂಟವಂತೂ ಅಹಮದಾಬಾದಿನಲ್ಲಿ. ದೊಡ್ಡ ಅಂಗಳ ಕಟ್ಟುವ ಮಾತು ಸುಲಭವಾಗಿ ಬರುತ್ತದೆ, ಆದರೆ ಶುರುವಿಗೆ ಅದು ಬೇಡ. ಶಾಲೆಯ ಸಭಾಂಗಣದಲ್ಲಿ ಹಾಸಬಹುದಾದ ಉದ್ದನೆಯ ಚಾಪೆ, ಮಕ್ಕಳ ಅಂಗೈಗೆ ಹೊಂದುವ ಚಿಕ್ಕ ಅಳತೆಯ ಬೌಲ್, ಜಿಲ್ಲೆ ಜಿಲ್ಲೆಯ ನಡುವೆ ವರ್ಷಕ್ಕೊಂದು ಟೂರ್ನಿ ಇದ್ದರೆ ಆಗುತ್ತದೆ. ಟೂರ್ನಿಯ ದಿನಾಂಕವನ್ನು ಮೊದಲು ಗೊತ್ತುಮಾಡಿ, ಚಾಪೆಯನ್ನು ಆಮೇಲೆ ಕೊಂಡರೂ ನಡೆಯುತ್ತದೆ.