ದೊಡ್ಡರೋಗ ತೊಲಗಿತು, ಆಡುಕುರಿಗಳ ಬೇನೆ ಉಳಿಯಿತು

ಬೇಗೂರಿನ ಸುತ್ತಲ ಹಳ್ಳಿಗಳ ವೃದ್ಧರಾದ ರೈತರಿಗೆ ದೊಡ್ಡರೋಗವೆಂದರೇನೆಂದು ವಿವರಿಸಬೇಕಾದುದಿಲ್ಲ. ಮೊದಲು ಜ್ವರ, ಆ ಮೇಲೆ ಬಾಯಿಹುಣ್ಣು, ಕೊನೆಗೆ ಕರುಳೇ ಕಿತ್ತುಬರುವಂಥ ಭೇದಿ. ಹತ್ತು ದಿನಗಳೊಳಗಾಗಿ ಉಳುವ ಜೋಡಿಯೇ ಇಲ್ಲವಾಗುತ್ತಿದ್ದಿತು. ಆ ಮಾರಿಯು ಕಾಡಿನ ಮೃಗಗಳನ್ನೂ ಬಿಡಲಿಲ್ಲ. 1968ರಲ್ಲಿ ನೆರೆಯ ಬಂಡೀಪುರದ ಕಾಟಿಗಳು ಹಿಂಡುಹಿಂಡಾಗಿ ಅದಕ್ಕೆ ತುತ್ತಾದವು.

ಅಂಥ ರೋಗವು ಈಗ ಭೂಮಂಡಲದಲ್ಲಿಯೇ ಇಲ್ಲ. ನಮ್ಮ ದೇಶದಲ್ಲಿ ಅದು ಕಡೆಯದಾಗಿ ಕಾಣಿಸಿಕೊಂಡುದು 1995ರಲ್ಲಿ; 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು. ಮನುಷ್ಯರ ಸಿಡುಬಿನ ತರುವಾಯ ಹೀಗೆ ಬೇರುಸಹಿತ ಕಿತ್ತುಹೋದ ರೋಗ ಇದೊಂದೇ. ಈ ಜಯದಲ್ಲಿ ನಮ್ಮವರ ಪಾಲೂ ಉಂಟು. 1925ರಲ್ಲಿಯೇ ಹೆಬ್ಬಾಳದಲ್ಲಿ ಮೈಸೂರು ಸೀರಮ್ ಸಂಸ್ಥೆಯು ಹುಟ್ಟಿತು. 1927ರ ಸುಮಾರಿಗೆ ಹಿಮಾಲಯದ ಮುಕ್ತೇಶ್ವರದಲ್ಲಿ ಎಡ್ವರ್ಡ್ಸ್ ಎಂಬವರು ರೋಗದ ವೈರಸ್ಸನ್ನು ಆಡುಗಳಲ್ಲಿ ಬೆಳೆಸಿ, ಅದರ ಉಗ್ರತೆಯನ್ನು ತಗ್ಗಿಸಿ ಲಸಿಕೆಯನ್ನು ಸಿದ್ಧಪಡಿಸಿದರು. ಅದನ್ನು ಊರೂರಿಗೆ ಹೊತ್ತವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

ಆದರೆ ನಾವು ಇಂದು ವಾಚಕರ ಗಮನಕ್ಕೆ ತರಬಯಸುವುದು ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಶೋಧನೆಯನ್ನು. 1987ರಲ್ಲಿ ತಮಿಳುನಾಡಿನ ಅರಸೂರೆಂಬ ಗ್ರಾಮದಲ್ಲಿ ಕುರಿಗಳು ಸಾಯತೊಡಗಿದವು. ಅದೇ ಜ್ವರ, ಅದೇ ಬಾಯಿಹುಣ್ಣು, ಅದೇ ಭೇದಿ. ಕಣ್ಣಿಗೆ ಕಂಡುದನ್ನೇ ನಂಬುವುದಾಗಿದ್ದರೆ ದೊಡ್ಡರೋಗವೆಂದು ಬರೆದು ಕಡತವನ್ನು ಮುಚ್ಚಬಹುದಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಎಂ. ಎಸ್. ಶೈಲಾ ಅವರೂ ಅವರ ಸಹೋದ್ಯೋಗಿಗಳೂ ಹಾಗೆ ಮಾಡಲಿಲ್ಲ. ಇದು ದೊಡ್ಡರೋಗದ ದಾಯಾದಿಯೇ ಹೊರತು ದೊಡ್ಡರೋಗವಲ್ಲವೆಂದೂ, 1942ರಲ್ಲಿ ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟಿನಲ್ಲಿ ಮೊದಲು ವರ್ಣಿಸಲ್ಪಟ್ಟ ಪಿ.ಪಿ.ಆರ್. ಎಂಬ ಬೇನೆಯೆಂದೂ 1989ರಲ್ಲಿ ಪ್ರಕಟಪಡಿಸಿದರು. ಮಕ್ಕಳಿಗೆ ಬರುವ ದಡಾರದ ವೈರಸ್ಸೂ ಇದೇ ಕುಲದ್ದು, ಆದರೆ ಪಿ.ಪಿ.ಆರ್. ಮನುಷ್ಯರಿಗೆ ಅಂಟುವುದಿಲ್ಲ.

ಹೆಸರು ಯಾವುದಾದರೇನೆಂದು ಕೇಳುವವರುಂಟು. ದೊಡ್ಡರೋಗವು ಇಲ್ಲವೆಂದು ಪ್ರಪಂಚಕ್ಕೆ ತೋರಿಸಬೇಕಾದರೆ ಮೊದಲು ಅದರ ಲಸಿಕೆಯನ್ನು ನಿಲ್ಲಿಸಿ, ಅನಂತರ ಪ್ರಾಣಿಗಳ ರಕ್ತದಲ್ಲಿ ಅದರ ಸುಳಿವನ್ನು ಹುಡುಕಬೇಕು. ಆಡುಕುರಿಗಳ ಭೇದಿಯನ್ನೆಲ್ಲ ದೊಡ್ಡರೋಗದ ಲೆಕ್ಕಕ್ಕೆ ಬರೆಯುತ್ತಿದ್ದರೆ, ತಮ್ಮನ ಸಾಲವನ್ನು ಅಣ್ಣನ ಖಾತೆಗೆ ಬರೆದಂತಾಗಿ ಆ ಲೆಕ್ಕವು ಎಂದಿಗೂ ತೀರುತ್ತಿರಲಿಲ್ಲ.

ಅಣ್ಣನ ಲೆಕ್ಕವು ತೀರಿತು, ತಮ್ಮನದು ಉಳಿದಿದೆ. ಪಿ.ಪಿ.ಆರ್. ಅನ್ನು 2030ರೊಳಗೆ ಜಗತ್ತಿನಿಂದ ಅಳಿಸಬೇಕೆಂದು ಅಂತರರಾಷ್ಟ್ರೀಯ ಸಂಸ್ಥೆಗಳು 2015ರಲ್ಲಿ ಸಂಕಲ್ಪ ಮಾಡಿದವು. ಸಾಧನವು ಕೈಯಲ್ಲಿಯೇ ಇದೆ. ಹಿಮಾಚಲದ ಸುಂಗ್ರಿಯಲ್ಲಿ ದೊರೆತ ವೈರಸ್ಸಿನಿಂದ ಮುಕ್ತೇಶ್ವರದವರು ತಯಾರಿಸಿದ ಲಸಿಕೆಯನ್ನು ಒಮ್ಮೆ ಚುಚ್ಚಿದರೆ ಮೂರು ವರ್ಷಗಳಿಗೆ ಕಡಿಮೆಯಿಲ್ಲದ ರಕ್ಷಣೆಯುಂಟು. ಹೀಗಿದ್ದೂ ಕೆಲಸವು ಕೆಡುವುದು ಎಲ್ಲಿ? ಪ್ರಯೋಗಶಾಲೆಯಲ್ಲಿ ಅಲ್ಲ, ರೊಪ್ಪದ ಬಾಗಿಲಿನಲ್ಲಿ.

ಲಸಿಕೆಯನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಯೇ ತರಬೇಕು. ದ್ರವದಲ್ಲಿ ಕದಡಿದ ಮೇಲೆ ಒಂದೆರಡು ಗಂಟೆಗಳೊಳಗೆ ಮುಗಿಸಬೇಕು. ಸಿಬ್ಬಂದಿಯು ಕಛೇರಿಯ ಹಾಜರಿ ಹಾಕಿ ಹನ್ನೊಂದು ಗಂಟೆಗೆ ಊರು ಸೇರುವುದಾದರೆ ಮಂದೆಯು ಅಷ್ಟು ಹೊತ್ತಿಗೆ ಎಲ್ಲಿರುತ್ತದೆ? ಕುರಿಗಳು ಕಛೇರಿಯ ವೇಳೆಯನ್ನು ನೋಡಿ ಮೇಯುವುದಿಲ್ಲ. ಇಷ್ಟಲ್ಲದೆ, ಲಸಿಕೆಯ ದಿನ ಮೂರು ನಾಲ್ಕು ತಿಂಗಳು ತುಂಬದಿದ್ದ ಮರಿಗಳೂ, ತರುವಾಯ ಹುಟ್ಟಿದ ಮರಿಗಳೂ ರಕ್ಷಣೆಯಿಲ್ಲದೆ ಬೆಳೆಯುತ್ತವೆ. ಹಿಂದಿನ ವರ್ಷದ ಶೇಕಡಾವಾರನ್ನು ತೋರಿಸಿ ತೃಪ್ತರಾಗುವ ಅಧಿಕಾರಿಗಳು ಇದನ್ನು ಮರೆಯಬಾರದು.

ಬೇಗೂರಿಗೆ ಇದು ದೂರದ ಮಾತಲ್ಲ. ಮೈಸೂರಿನಿಂದ ಗುಂಡ್ಲುಪೇಟೆಗೆ ಹೋಗುವ ಹೆದ್ದಾರಿಯು ಊರಿನ ನಡುವೆಯೇ ಹಾದಿದೆ. ಮುಂದೆ ಹೋದರೆ ಎರಡು ರಾಜ್ಯಗಳ ಗಡಿ. ಸಂತೆಯಲ್ಲಿ ಕೊಂಡ ಆಡನ್ನು ಅಂದಿನ ರಾತ್ರಿಯೇ ಮನೆಯ ಮಂದೆಯೊಡನೆ ಕೂಡಿದರೆ, ಅದರ ಉಸಿರು, ಸಿಂಬಳ, ಹಿಕ್ಕೆಗಳ ಜೊತೆಗೆ ಬೇನೆಯೂ ಒಳಗೆ ಸೇರಬಹುದು. ಎರಡು ಮೂರು ವಾರ ಬೇರೆ ಕಟ್ಟಿದರೆ ಕಾಸಿನ ಖರ್ಚಿಲ್ಲ.

ಇನ್ನೊಂದು ಮಾತನ್ನು ಹೇಳದೆ ವಿಧಿಯಿಲ್ಲ. ಎತ್ತು ಸತ್ತರೆ ಖಾತೆದಾರನು ತಾಲ್ಲೂಕು ಕಛೇರಿಯ ಮೆಟ್ಟಿಲು ಹತ್ತುತ್ತಾನೆ. ಭೂಮಿಯಿಲ್ಲದ ವಿಧವೆಯ ನಾಲ್ಕು ಆಡುಗಳು ಸತ್ತರೆ ಕೇಳುವವರಾರು? ಅವಳಿಗೆ ಅವೇ ಬ್ಯಾಂಕು, ಅವೇ ಮಗಳ ಮದುವೆಯ ಗಂಟು. ನಷ್ಟವು ಮೂಕರದಾದುದರಿಂದಲೇ ಈ ಬೇನೆಗೆ ದೊಡ್ಡರೋಗದ ಮರ್ಯಾದೆ ದೊರೆಯಲಿಲ್ಲವೆಂದು ನಮ್ಮ ಅಭಿಪ್ರಾಯ.

ಆದಕಾರಣ ಲಸಿಕೆಯ ದಿನಗಳಲ್ಲಿ ಬೇಗೂರು ಹೋಬಳಿಯ ಪಶುವೈದ್ಯ ಸಿಬ್ಬಂದಿಯು ಬೆಳಗಿನ ಆರು ಗಂಟೆಗೆ ರೊಪ್ಪಗಳಲ್ಲಿರುವಂತೆಯೂ, ಹಿಂದಿನ ಸಂಜೆಯೇ ಊರಿನಲ್ಲಿ ತಮಟೆ ಹೊಡೆಸುವಂತೆಯೂ, ಬೇನೆಯನ್ನು ವರದಿ ಮಾಡಿದ ನೌಕರನ ಮೇಲೆ ತಪ್ಪು ಹೊರಿಸದಂತೆಯೂ ಜಿಲ್ಲೆಯ ಅಧಿಕಾರಿಗಳು ಏರ್ಪಾಡು ಮಾಡಬೇಕು. ಇದಕ್ಕೆ ಹೊಸ ಕಾಯಿದೆ ಬೇಡ. ಒಂದು ಹಾಳೆಯ ಆಜ್ಞೆ ಸಾಕು.